ಎರೆನೆಲದ ಎಲ್ಲೆಗಳು: ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹೊಲದ ಸೀಮಾವಿವಾದಗಳನ್ನು ಕುರಿತು

ರಾಜ್ಯಗಳ ಗಡಿಗಳನ್ನು ಕುರಿತು ನಮ್ಮ ಇತಿಹಾಸಕಾರರು ವಿಪುಲವಾಗಿ ಬರೆದಿದ್ದಾರೆ. ಕಲ್ಯಾಣದ ಚಾಲುಕ್ಯರ ಆಳ್ವಿಕೆ ಎಲ್ಲಿಯವರೆಗೆ ಹಬ್ಬಿತ್ತು, ಬಹಮನಿ ರಾಜ್ಯ ಒಡೆದಾಗ ಯಾವ ಕೋಟೆ ಯಾರ ಪಾಲಿಗೆ ಹೋಯಿತು ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕುವುದರಲ್ಲಿ ಹಲವು ವಿದ್ವಾಂಸರ ಆಯುಷ್ಯ ಸವೆದಿದೆ. ಆದರೆ ಒಬ್ಬ ರೈತನ ಹೊಲಕ್ಕೂ ಅವನ ನೆರೆಯವನ ಹೊಲಕ್ಕೂ ನಡುವೆ ಇರುವ ಮೊಳದಗಲದ ಒಡ್ಡಿಗೂ ಒಂದು ಇತಿಹಾಸವುಂಟೆಂಬುದನ್ನು ನಾವು ಸಾಮಾನ್ಯವಾಗಿ ಮರೆತಿದ್ದೇವೆ. ಹಳ್ಳಿಯ ಮನುಷ್ಯನ ಮಟ್ಟಿಗೆ ಸಾಮ್ರಾಜ್ಯದ ಗಡಿಗಿಂತ ಈ ಒಡ್ಡೇ ಹೆಚ್ಚಿನದು. ಅದಕ್ಕಾಗಿ ಅವನು ಅಣ್ಣತಮ್ಮಂದಿರೊಡನೆ ಮಾತು ಬಿಟ್ಟಿದ್ದಾನೆ, ಸಾಲ ಮಾಡಿ ಕಚೇರಿ ಹತ್ತಿದ್ದಾನೆ, ಕೆಲವೊಮ್ಮೆ ಪ್ರಾಣವನ್ನೂ ಕಳೆದುಕೊಂಡಿದ್ದಾನೆ. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳನ್ನು ಮುಂದಿಟ್ಟುಕೊಂಡು ಈ ವಿಷಯವನ್ನು ವಿವೇಚಿಸಲು ನಾವು ಇಲ್ಲಿ ಉದ್ದೇಶಿಸಿದ್ದೇವೆ. ರೈತನು ಸ್ವಭಾವತಃ ವ್ಯಾಜ್ಯಪ್ರಿಯನೆಂಬ ಮಾತು ಕಚೇರಿಗಳಲ್ಲಿ ಬಹುಕಾಲದಿಂದ ಕೇಳಿಬರುತ್ತಿದೆ. ಆ ಮಾತನ್ನು ನಾವು ಒಪ್ಪುವುದಿಲ್ಲ. ವ್ಯಾಜ್ಯದ ಮೂಲ ರೈತನ ಸ್ವಭಾವದಲ್ಲಿಲ್ಲ. ನೆಲದ ಗುಣದಲ್ಲಿಯೂ ಆ ನೆಲವನ್ನು ಅಳೆದ ರೀತಿಯಲ್ಲಿಯೂ ಇದೆ ಎಂಬುದು ನಮ್ಮ ಅಭಿಪ್ರಾಯ.

ಮೊದಲು ನೆಲದ ಮಾತು. ಮೂರು ತಾಲ್ಲೂಕುಗಳಲ್ಲಿಯೂ ಎರೆಭೂಮಿಯೇ ಪ್ರಧಾನ. ಆಳಂದದಲ್ಲಿ ಹುಟ್ಟುವ ಅಮರ್ಜಾ ನದಿ ದಕ್ಷಿಣಕ್ಕೆ ಹರಿದು ಗಾಣಗಾಪುರದ ಬಳಿ ಭೀಮೆಯನ್ನು ಕೂಡುತ್ತದೆ. ಭೀಮೆಯು ಅಫಜಲಪುರದ ಅಂಚಿನಲ್ಲಿ ಹಾಯ್ದು ಜೇವರ್ಗಿಯತ್ತ ಸಾಗುತ್ತದೆ. ಜೋಳ, ತೊಗರಿ, ಕುಸುಬೆ, ಕಡಲೆ ಇಲ್ಲಿಯ ಹಳೆಯ ಬೆಳೆಗಳು. ಎರೆಮಣ್ಣಿನ ಗುಣವನ್ನು ಬಲ್ಲವರಿಗೆ ಹೇಳಬೇಕಾದುದೇನೂ ಇಲ್ಲ. ಬೇಸಗೆಯಲ್ಲಿ ಅದು ಮೊಳಕಾಲು ಇಳಿಯುವಷ್ಟು ಬಿರುಕು ಬಿಡುತ್ತದೆ, ಮಳೆಗೆ ಉಬ್ಬುತ್ತದೆ. ಹೀಗೆ ವರ್ಷವರ್ಷವೂ ಉಸಿರಾಡುವ ನೆಲದಲ್ಲಿ ನೆಟ್ಟ ಕಲ್ಲು ನೆಟ್ಟಲ್ಲಿ ನೆಟ್ಟಗೆ ನಿಲ್ಲುವುದಿಲ್ಲ. ವಾಲುತ್ತದೆ, ಹೂಳುತ್ತದೆ, ಕೊನೆಗೆ ರಂಟಿಯ ಬಾಯಿಗೆ ಸಿಕ್ಕಿ ಮೇಲೇಳುತ್ತದೆ. ಕಟ್ಟಿದ ಒಡ್ಡು ನಾಲ್ಕು ಅಡ್ಡಮಳೆಗೆ ಕರಗುತ್ತದೆ. ಬೇಲಿಯಂತೂ ಇಲ್ಲಿ ಅಪರೂಪ. ಬೇಲಿಯೇ ಎದ್ದು ಹೊಲ ಮೇಯುವ ಗಾದೆ ಯಾವ ಸೀಮೆಯಲ್ಲಿ ಹುಟ್ಟಿತೋ ತಿಳಿಯದು, ಈ ಬಯಲಿನಲ್ಲಿ ಹುಟ್ಟಿರಲಾರದು! ಬಿಳಿಜೋಳದ ಸುತ್ತ ಮುಳ್ಳಿನ ಕುಸುಬೆಯನ್ನು ಬಿತ್ತಿ ದನಗಳನ್ನು ತಡೆಯುವುದು ಇಲ್ಲಿಯ ರೂಢಿ. ಅದು ಆ ವರ್ಷದ ಬೇಲಿ. ಸುಗ್ಗಿ ಮುಗಿದೊಡನೆ ಅದೂ ಹೋಗುತ್ತದೆ.

ಇಂಥ ನಾಡಿನಲ್ಲಿ ಸೀಮಾವಿವಾದವನ್ನು ಕುರಿತು ಶಾಸ್ತ್ರವಿಚಾರ ನಡೆದುದು ಆಶ್ಚರ್ಯವಲ್ಲ. ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, ಎಂದರೆ ಕ್ರಿ. ಶ. ೧೦೭೬ ರಿಂದ ೧೧೨೬ ರೊಳಗೆ, ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದನು. ಕಲಬುರಗಿಗೆ ಸಮೀಪದ ಮರತೂರು ಅವನ ಊರೆಂದು ಈ ಭಾಗದ ಜನ ನಂಬುತ್ತಾರೆ. ಆ ಕಾಲದಲ್ಲಿ ಆಳಂದವು ಅಳಂದೆ ಸಾಸಿರವೆಂಬ ನಾಡಿನ ಮುಖ್ಯಸ್ಥಳವಾಗಿತ್ತು. ಮಿತಾಕ್ಷರೆಯನ್ನು ನಮ್ಮ ವಿದ್ಯಾರ್ಥಿಗಳು ದಾಯಭಾಗದ ವಿಷಯಕ್ಕಾಗಿ ಮಾತ್ರ ನೆನೆಯುತ್ತಾರೆ. ಅದರ ವ್ಯವಹಾರಾಧ್ಯಾಯದಲ್ಲಿರುವ ಸೀಮಾವಿವಾದಪ್ರಕರಣವನ್ನು ಓದುವವರು ವಿರಳ. ಅದರಲ್ಲಿ ಜನಪದ, ಗ್ರಾಮ, ಕ್ಷೇತ್ರ, ಗೃಹ ಎಂದು ಸೀಮೆಯನ್ನು ನಾಲ್ಕಾಗಿ ವಿಂಗಡಿಸಲಾಗಿದೆ. ನಾರದನ ಮತದಂತೆ ಸೀಮೆಯ ಲಕ್ಷಣವನ್ನು ಐದು ಬಗೆಯಾಗಿ ಹೇಳಿದೆ: ಮರಗಳಿಂದ ಗುರುತಾಗುವುದು, ನೀರಿನಿಂದ ಗುರುತಾಗುವುದು, ಹೊಟ್ಟು ಇದ್ದಿಲು ಮೊದಲಾದವನ್ನು ನೆಲದಲ್ಲಿ ಹೂಳಿ ಗುರುತು ಮಾಡಿದ್ದು, ಉಭಯರೂ ಒಪ್ಪಿ ಮಾಡಿಕೊಂಡದ್ದು, ಯಾವ ಗುರುತೂ ಇಲ್ಲದಾಗ ಅರಸನು ಆಜ್ಞೆಯಿಂದ ನಿಲ್ಲಿಸಿದ್ದು. ಅರಸನ ಆಜ್ಞೆ ಕೊನೆಯಲ್ಲಿ ಬರುತ್ತದೆಂಬುದನ್ನು ಓದುಗರು ಲಕ್ಷಿಸಬೇಕು.

ಸಾಕ್ಷಿಗಳು ಯಾರು? ಸುತ್ತಣ ಹೊಲದವರು, ವೃದ್ಧರು, ದನಕಾಯುವವರು, ಎಲ್ಲೆಯ ಬಳಿ ಉಳುವವರು, ಕಾಡಿನಲ್ಲಿ ತಿರುಗುವವರು. ಇವರಲ್ಲಿ ಬರೆಯಬಲ್ಲವರು ಎಷ್ಟು ಮಂದಿಯಿದ್ದರೋ! ಆದರೆ ಶಾಸ್ತ್ರಕಾರನು ಅವರನ್ನೇ ಕರೆದಿದ್ದಾನೆ. ಗುರುತು ಅಳಿದುಹೋದಲ್ಲಿ ನಾಲ್ವರು, ಎಂಟು ಮಂದಿ ಅಥವಾ ಹತ್ತು ಮಂದಿ ಕೆಂಪು ಬಟ್ಟೆಯುಟ್ಟು, ಕೆಂಪು ಹೂಮಾಲೆ ಧರಿಸಿ, ತಲೆಯ ಮೇಲೆ ಮಣ್ಣು ಹೊತ್ತು ಎಲ್ಲೆಯನ್ನು ನಡೆದು ತೋರಿಸಬೇಕು. ಎರಡು ಗ್ರಾಮಗಳ ನಡುವೆ ವಿವಾದ ಹುಟ್ಟಿದರೆ ಜ್ಯೇಷ್ಠಮಾಸದಲ್ಲಿ, ಗುರುತುಗಳು ಚೆನ್ನಾಗಿ ಕಾಣುವಾಗ, ಅದನ್ನು ನಿರ್ಣಯಿಸಬೇಕೆಂದು ಮನುಸ್ಮೃತಿ ವಿಧಿಸುತ್ತದೆ. ಜ್ಯೇಷ್ಠವೆಂದರೆ ಕಾರಹುಣ್ಣಿಮೆಯ ತಿಂಗಳು. ಹುಲ್ಲು ಒಣಗಿ ನೆಲ ಬೋಳಾಗಿರುತ್ತದೆ, ಬಿತ್ತಿಗೆ ಇನ್ನೂ ಆಗಿರುವುದಿಲ್ಲ. ಇಂದಿಗೂ ಈ ಭಾಗದಲ್ಲಿ ಮಿರಗದ ಮಳೆಗೆ ಮುಂಚಿನ ದಿನಗಳಲ್ಲಿಯೇ ಒಡ್ಡಿನ ಜಗಳಗಳು ಹೆಚ್ಚಾಗಿ ಎದ್ದುಕೊಳ್ಳುತ್ತವೆ.

ಮಿತಾಕ್ಷರೆಯ ಇನ್ನೊಂದು ಮಾತು ನಮ್ಮ ವಿಷಯಕ್ಕೆ ಬಹಳ ಮುಖ್ಯ. ಹೊಲಗಳನ್ನು ಬೇರ್ಪಡಿಸುವ ನೆಲದ ಪಟ್ಟಿಯನ್ನು ಅದು ಮರ್ಯಾದೆ ಎಂದು ಕರೆದು, ಅದು ಸಾಧಾರಣ ಭೂಮಿ, ಎಂದರೆ ಎಲ್ಲರಿಗೂ ಸಮಾನವಾದುದು ಎನ್ನುತ್ತದೆ. ಇಲ್ಲಿ ಎಲ್ಲೆಯೆಂಬುದು ಅಗಲವಿಲ್ಲದ ಗೆರೆಯಲ್ಲ. ಅಗಲವುಳ್ಳ, ಹುಲ್ಲು ಬೆಳೆಯುವ, ಇಬ್ಬರಿಗೂ ಸೇರಿದ ನೆಲ. ಎರಡು ಹೊಲಗಳ ನಡುವಿನ ಮರದ ಹೂವು ಹಣ್ಣುಗಳು ಇಬ್ಬರಿಗೂ ಸಲ್ಲುವುವೆಂದು ಕಾತ್ಯಾಯನನೂ ಹೇಳುತ್ತಾನೆ. ಇನ್ನು ದಂಡದ ಕ್ರಮ. ಮರ್ಯಾದೆಯನ್ನು ಒಡೆದವನಿಗೆ ಅಧಮ ದಂಡ. ಹೆದರಿಸಿ ಹೊಲವನ್ನೇ ಕಿತ್ತುಕೊಂಡವನಿಗೆ ಮಧ್ಯಮ ದಂಡ. ಎಲ್ಲೆಯನ್ನು ದಾಟಿ ಉತ್ತವನಿಗೆ ಉತ್ತಮ, ಎಂದರೆ ಅತ್ಯಧಿಕ ದಂಡ. ಹೊಲ ಕಸಿದವನಿಗಿಂತ ಎಲ್ಲೆ ದಾಟಿ ಉತ್ತವನಿಗೆ ಹೆಚ್ಚಿನ ಶಿಕ್ಷೆಯೇಕೆ? ಕಸಿದುಕೊಳ್ಳುವುದು ಊರಿಗೆಲ್ಲ ಕಾಣುವ ಕೃತ್ಯ, ಒಂದೊಂದು ಸಾಲು ಒತ್ತಿ ಉಳುವುದು ಯಾರ ಕಣ್ಣಿಗೂ ಬೀಳದ ಕೃತ್ಯ ಎಂಬುದೇ ಕಾರಣವಿರಬೇಕೆಂದು ನಾವು ಊಹಿಸುತ್ತೇವೆ.

ಶಾಸನಗಳ ಸಾಕ್ಷ್ಯವೂ ಇದಕ್ಕೆ ಅನುಗುಣವಾಗಿದೆ. ಪಿ. ಬಿ. ದೇಸಾಯಿಯವರು ಹೈದರಾಬಾದು ಸಂಸ್ಥಾನದ ಕನ್ನಡ ಜಿಲ್ಲೆಗಳ ಶಾಸನಗಳನ್ನು ಸಂಪಾದಿಸಿ ೧೯೫೮ ರಲ್ಲಿ ಪ್ರಕಟಿಸಿದರು. ಆ ಕಾಲದ ದಾನಶಾಸನಗಳಲ್ಲಿ ಭೂಮಿಯನ್ನು ಮತ್ತರು, ಕಮ್ಮಗಳಿಂದ ಎಣಿಸಿ, ಯಾವ ಗಳೆಯಿಂದ ಅಳೆದುದೆಂಬುದನ್ನು ಹೇಳಿ, ಮೂಡಲು, ತೆಂಕಲು, ಪಡುವಲು, ಬಡಗಲು ಏನೇನಿದೆ ಎಂಬುದನ್ನು ವಿವರಿಸುವುದು ರೂಢಿ. ಹಳ್ಳ, ಬಟ್ಟೆ, ಕೆರೆ, ಹುಣಿಸೆಯ ಮರ, ನೆಟ್ಟ ಕಲ್ಲು, ಇವೇ ಎಲ್ಲೆಗಳು. ದೇವರಿಗೆ ಬಿಟ್ಟ ಹೊಲಕ್ಕೆ ಲಿಂಗಮುದ್ರೆಯ ಕಲ್ಲನ್ನು ನೆಡುತ್ತಿದ್ದರು. ಗಳೆಯು ಊರಿಂದೂರಿಗೆ ಬೇರೆಯಾದುದರಿಂದ ಮತ್ತರಿನ ವಿಸ್ತಾರವನ್ನು ಇಂದಿನ ಎಕರೆಗೆ ತರುವ ಪ್ರಯತ್ನಗಳು ಸಾಮಾನ್ಯವಾಗಿ ವಿಫಲವಾಗಿವೆ. ದಾನ ಪಡೆದವನಿಗೆ ಅದರಿಂದ ತೊಂದರೆಯಾಗಿರಲಾರದು. ಅವನ ಹೊಲವನ್ನು ನಿಶ್ಚಯಿಸುತ್ತಿದ್ದುದು ನಾಲ್ಕು ದಿಕ್ಕಿನ ಗುರುತುಗಳೇ ಹೊರತು ಅಂಕಿಯಲ್ಲ.

ಆದಿಲಶಾಹಿ ಮತ್ತು ಮರಾಠರ ಕಾಲದ ನ್ಯಾಯಪದ್ಧತಿಯನ್ನು ವಿ. ತ್ರ್ಯಂ. ಗುಣೆಯವರು ೧೯೫೩ ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಿಶದಪಡಿಸಿದ್ದಾರೆ. ದಖ್ಖನದ ಹಳ್ಳಿಗಳಲ್ಲಿ ಪಾಟೀಲ, ಕುಲಕರ್ಣಿ, ಆಯಗಾರರು, ನೆರೆಹೊರೆಯ ಊರವರು ಕೂಡಿದ ಸಭೆಯಲ್ಲಿ ವಿಚಾರಣೆಯಾಗಿ, ನಿರ್ಣಯವನ್ನು ಮಹಜರಿನಲ್ಲಿ ಬರೆದು ಎಲ್ಲರ ಗುರುತು ಹಾಕಿಸುತ್ತಿದ್ದರು. ಮಹಜರು ಎಂಬ ಪದ ಇಂದಿಗೂ ನಮ್ಮ ಕಚೇರಿಗಳಲ್ಲಿ ಬದುಕಿದೆ. ಮೈಸೂರು ಸೀಮೆಯಲ್ಲಿ ಗ್ರಾಮದ ಕುಳವಾಡಿಯು ಊರಿನ ಮಣ್ಣಿನ ಉಂಡೆಯನ್ನು ತಲೆಯ ಮೇಲೆ ಹೊತ್ತು ಎಲ್ಲೆಯನ್ನು ನಡೆಯುತ್ತಿದ್ದನೆಂದೂ, ಅವನು ತಪ್ಪಿ ಹೆಜ್ಜೆಯಿಟ್ಟರೆ ಉಂಡೆ ಒಡೆಯುವುದೆಂಬ ನಂಬಿಕೆಯಿತ್ತೆಂದೂ ಹತ್ತೊಂಬತ್ತನೆಯ ಶತಮಾನದ ಲೇಖಕರು ದಾಖಲಿಸಿದ್ದಾರೆ. ಸ್ಮೃತಿಯ ಮಣ್ಣು ಹೊತ್ತ ಸಾಕ್ಷಿಗೂ ಈ ಕುಳವಾಡಿಗೂ ಇರುವ ಹೋಲಿಕೆ ಸ್ಪಷ್ಟವಾಗಿದೆ. ಊರಿನೊಳಗೆ ಮನೆಕಟ್ಟಲು ಎಡೆಯಿಲ್ಲದವನನ್ನೇ ಊರಿನ ಎಲ್ಲೆಗೆ ಪ್ರಮಾಣಪುರುಷನನ್ನಾಗಿ ಮಾಡಿದ್ದ ನಮ್ಮ ಸಮಾಜದ ರೀತಿ ವಿಚಿತ್ರವಾದುದು.

ಈ ವ್ಯವಸ್ಥೆಯ ಮೇಲೆ ಮೋಜಣಿ ಬಂದು ಕೂತಿತು. ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು ೧೮೩೫ ರ ಸುಮಾರಿಗೆ ಪುಣೆಯ ಪ್ರಾಂತದ ಇಂದಾಪುರದಲ್ಲಿ ಆರಂಭಿಸಿದ ಪದ್ಧತಿಯು ಮುಂಬಯಿ ಇಲಾಖೆಯಲ್ಲೆಲ್ಲ ಹಬ್ಬಿತು. ಹೈದರಾಬಾದಿನಲ್ಲಿ ಒಂದನೆಯ ಸಾಲಾರ್ ಜಂಗನು ೧೮೬೫ ರಲ್ಲಿ ಜಿಲ್ಲೆಗಳ ಆಡಳಿತವನ್ನು ಏರ್ಪಡಿಸಿ, ಮುಂದಿನ ದಶಕದಲ್ಲಿ ಮುಂಬಯಿಯ ಮಾದರಿಯಲ್ಲಿಯೇ ಮೋಜಣಿಯನ್ನು ಆರಂಭಿಸಿದನು. ಆ ಪದ್ಧತಿಯಲ್ಲಿ ಸರಪಳಿಯ ಉದ್ದ ೩೩ ಅಡಿ. ಅದಕ್ಕೆ ೧೬ ಆಣೆ. ಒಂದು ಸರಪಳಿ ಚದರ ಒಂದು ಗುಂಟೆ, ೪೦ ಗುಂಟೆ ಒಂದು ಎಕರೆ. ಹೀಗಾಗಿ ಅಳತೆಯ ಒಂದು ಆಣೆಯೆಂದರೆ ಎರಡು ಅಡಿಗಿಂತ ತುಸು ಹೆಚ್ಚು.

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಹತ್ತು ಎಕರೆಯ ಚೌಕ ಹೊಲವೊಂದರ ಪ್ರತಿ ಬದಿಯ ಉದ್ದ ೬೬೦ ಅಡಿ. ನೆರೆಯವನು ಒಂದು ಬದಿಯಲ್ಲಿ ವರ್ಷಕ್ಕೊಂದು ಸಾಲು, ಒಂಬತ್ತು ಅಂಗುಲ, ಒತ್ತಿ ಉತ್ತನೆನ್ನೋಣ. ಆ ವರ್ಷ ಅವನು ಪಡೆದುದು ೪೯೫ ಚದರಡಿ. ಅರ್ಧ ಗುಂಟೆಗೂ ಕಡಿಮೆ. ಈ ಒಂಬತ್ತು ಅಂಗುಲ ಮೋಜಣಿಯ ಅರ್ಧ ಆಣೆಯೂ ಆಗುವುದಿಲ್ಲ. ಆದುದರಿಂದ ಅಳೆಯಲು ಬಂದವನಿಗೆ ಅದು ಕಾಣುವುದಿಲ್ಲ. ಹನ್ನೆರಡು ವರ್ಷಗಳಲ್ಲಿ ಅದು ಒಂಬತ್ತು ಅಡಿಯಾಗಿ, ಸುಮಾರು ಐದೂವರೆ ಗುಂಟೆಯನ್ನು ನುಂಗುತ್ತದೆ. ಹನ್ನೆರಡು ವರ್ಷಗಳ ನಿರಾತಂಕ ಪ್ರತಿಕೂಲ ಸ್ವಾಧೀನಕ್ಕೆ ಕಾನೂನು ಹಕ್ಕನ್ನು ಕೊಡುತ್ತದೆಂಬುದು ಹಳ್ಳಿಯಲ್ಲಿಯೂ ತಿಳಿದ ಸಂಗತಿ. ಪ್ರತಿಯೊಂದು ಸಾಲಿಗೂ ಅದರದೇ ಹನ್ನೆರಡು ವರ್ಷ ತುಂಬಬೇಕೆಂಬ ಸೂಕ್ಷ್ಮ ಮಾತ್ರ ಯಾರಿಗೂ ತಿಳಿದಂತಿಲ್ಲ. ಕಳೆದುಕೊಂಡವನು ಮೊದಲ ವರ್ಷ ಕೂಗಾಡಿದರೆ ಒಂದು ಸಾಲಿಗಾಗಿ ಜಗಳಗಂಟನಾದನೆಂದು ಜನ ಆಡಿಕೊಳ್ಳುತ್ತಾರೆ. ಹನ್ನೆರಡನೆಯ ವರ್ಷ ಕೂಗಿದರೆ ಇಷ್ಟು ದಿನ ಏಕೆ ಸುಮ್ಮನಿದ್ದೆ ಎಂದು ಕೇಳುತ್ತಾರೆ.

ಮೋಜಣಿಯ ಇನ್ನೊಂದು ದೋಷ ಇದಕ್ಕಿಂತ ದೊಡ್ಡದು. ಒಂದು ಜೊತೆ ಎತ್ತಿನಿಂದ ಸಾಗುವಳಿಯಾಗುವಷ್ಟು ನೆಲಕ್ಕೆ ಕಡಿಮೆಯಾಗದಂತೆ ಸರ್ವೆ ನಂಬರನ್ನು ಕಲ್ಪಿಸಬೇಕೆಂಬುದು ಆ ಪದ್ಧತಿಯ ತತ್ತ್ವ. ಅದಕ್ಕಿಂತ ಸಣ್ಣ ಹಿಡುವಳಿಗಳನ್ನು ಒಂದೇ ನಂಬರಿನಲ್ಲಿ ಸೇರಿಸಲಾಯಿತು. ಹೈದರಾಬಾದಿನ ಕಾನೂನಿನಲ್ಲಿ ಪಟ್ಟಾದಾರನೊಬ್ಬನ ಹೆಸರು ಮುಂದೆ ನಿಂತು, ಉಳಿದ ಪಾಲುಗಾರರು ಶಿಕ್ಮಿದಾರರೆಂಬ ಹೆಸರಿನಲ್ಲಿ ಅವನ ಹಿಂದೆ ನಿಂತರು. ನಂಬರಿನ ಹೊರಗಡಿಗೆ ಕಲ್ಲುಂಟು, ಟಿಪ್ಪಣವುಂಟು. ಅದರೊಳಗೆ ಅಣ್ಣತಮ್ಮಂದಿರು ಹಂಚಿಕೊಂಡ ಪಾಲುಗಳ ನಡುವೆ ಹಗ್ಗ ಹಿಡಿದು ಎಳೆದ ಒಡ್ಡಿನ ಹೊರತು ಏನೂ ಇಲ್ಲ. ಮಗನಿಗೆ ಪಿತ್ರಾರ್ಜಿತದಲ್ಲಿ ಜನ್ಮದಿಂದಲೇ ಹಕ್ಕುಂಟೆಂದು ಪ್ರತಿಪಾದಿಸಿದ ಮಿತಾಕ್ಷರೆಯು ಈ ಪಾಲುಗಳಿಗೆ ಆಧಾರ. ತಲೆಮಾರಿಗೊಮ್ಮೆ ಹೊಲ ಒಡೆಯುತ್ತದೆ, ಒಡೆದಂತೆಲ್ಲ ಎಲ್ಲೆ ಹೆಚ್ಚುತ್ತದೆ. ಇಲ್ಲಿ ನೆರೆಯವನೆಂದರೆ ಹೆಚ್ಚಾಗಿ ದಾಯಾದಿಯೇ. ಹೊರಗಣ್ಣಿಗೆ ನೆರೆಹೊರೆಯವರ ಜಗಳವೆಂದು ತೋರುವುದು ಒಳಹೊಕ್ಕು ನೋಡಿದರೆ ಅಜ್ಜನ ಕಾಲದ ಬಾಯಿಮಾತಿನ ಪಾಲುಪಟ್ಟಿಯ ಜಗಳವಾಗಿರುತ್ತದೆ. ಆ ಪಾಲಿನ ಎಲ್ಲೆ ಯಾವ ಸರಕಾರಿ ನಕ್ಷೆಯಲ್ಲಿಯೂ ಇಲ್ಲದಿರುವಾಗ, ಅದನ್ನು ಅಳೆದುಕೊಡಿರೆಂದು ಮೋಜಣಿದಾರನನ್ನು ಕೇಳುವುದರಲ್ಲಿ ಅರ್ಥವಿಲ್ಲ.

ಆಡಳಿತದ ಭೇದಗಳು ಈ ತೊಡಕನ್ನು ಹೆಚ್ಚಿಸಿದವು. ಆಳಂದವು ಪಾಯಗಾ ಅಮೀರರ ಜಾಗೀರು. ಅವರಿಗೆ ತಮ್ಮದೇ ಕಂದಾಯ, ಪೊಲೀಸು, ನ್ಯಾಯಾಲಯಗಳಿದ್ದವು. ಜೇವರ್ಗಿಯು ಹಿಂದೆ ಆಂದೋಲ ಎಂಬ ಹೆಸರಿನ ತಾಲ್ಲೂಕಾಗಿತ್ತು. ಸಂಸ್ಥಾನದ ನೆಲದಲ್ಲಿ ಸುಮಾರು ಮೂರನೆಯ ಒಂದು ಪಾಲು ಜಾಗೀರುಗಳಲ್ಲಿದ್ದು, ಅವುಗಳಲ್ಲಿ ಎಷ್ಟೋ ಗ್ರಾಮಗಳ ಮೋಜಣಿ ಹಿಂದುಳಿಯಿತು. ೧೩೧೭ ಫಸಲಿಯ, ಎಂದರೆ ೧೯೦೭-೦೮ ರ, ಭೂಕಂದಾಯ ಕಾನೂನು ಜಾರಿಗೆ ಬಂದರೂ ಹಕ್ಕುದಾಖಲೆಯ ಶಾಸನ ಬಂದುದು ೧೩೫೮ ಫಸಲಿಯಲ್ಲಿ, ಅರ್ಥಾತ್ ೧೯೪೮-೪೯ ರಲ್ಲಿ. ಹಳೆಯ ಕಾಗದಗಳನ್ನು ನೋಡುವ ವಿದ್ಯಾರ್ಥಿಗಳು ಫಸಲಿಗೆ ೫೯೦ ಕೂಡಿಸಿ ಇಸವಿಯನ್ನು ಎಣಿಸುವುದನ್ನು ರೂಢಿಸಿಕೊಳ್ಳಬೇಕು. ಇತ್ತ ಮುಂಬಯಿ ಇಲಾಖೆಯಲ್ಲಿ ಹಕ್ಕುದಾಖಲೆಯ ಕಾಯಿದೆ ೧೯೦೩ ರಲ್ಲಿಯೇ ಆಗಿತ್ತು. ಭೀಮೆಯ ಆಚೆ ದಂಡೆಯ ಇಂಡಿ, ಜೇವರ್ಗಿಗೆ ಹೊಂದಿದ ಸಿಂದಗಿ, ಇವು ಮುಂಬಯಿಯ ವಿಜಾಪುರ ಜಿಲ್ಲೆಯವು. ಆಳಂದ, ಅಫಜಲಪುರಗಳ ಪಶ್ಚಿಮಕ್ಕೆ ಅಕ್ಕಲಕೋಟೆಯ ಸಂಸ್ಥಾನ. ಒಂದೇ ಮಣ್ಣು, ಒಂದೇ ಬೆಳೆ, ಒಂದೇ ಬಗೆಯ ಜನ. ಪಾಲುದಾರನ ಹೆಸರು ಕಾಗದಕ್ಕೆ ಬರುವುದರಲ್ಲಿ ಮಾತ್ರ ಹೊಳೆಯ ಎರಡು ದಂಡೆಗಳಿಗೆ ನಾಲ್ವತ್ತೈದು ವರ್ಷಗಳ ಅಂತರ.

ಹೊಳೆಯ ಮಾತು ಬಂದುದರಿಂದ ಒಂದು ಸಂಗತಿಯನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ಹೊಳೆಯು ಒಂದು ದಂಡೆಯ ನೆಲವನ್ನು ಕಿತ್ತು ಇನ್ನೊಂದಕ್ಕೆ ಕೊಟ್ಟರೆ ಅದು ಪಡೆದವನದೇ, ಆದರೆ ಬಿತ್ತಿದ ಹೊಲವನ್ನು ಪ್ರವಾಹ ಒಯ್ದರೆ ಅದು ಮೊದಲಿನ ಒಡೆಯನಿಗೆ ಸಲ್ಲುವುದೆಂಬುದು ಬೃಹಸ್ಪತಿಯ ಮತ. ೨೦೨೦ ರ ಅಕ್ಟೋಬರದಲ್ಲಿ ಭೀಮೆಯು ಉಕ್ಕಿ ಅಫಜಲಪುರ, ಜೇವರ್ಗಿಗಳ ಹೊಳೆಯಂಚಿನ ಹೊಲಗಳನ್ನು ಮುಳುಗಿಸಿದಾಗ ನೆಲದಲ್ಲಿ ತೊಗರಿ ನಿಂತಿತ್ತು.

೧೯೪೮ ರ ಸೆಪ್ಟೆಂಬರದಲ್ಲಿ ಹೈದರಾಬಾದು ಭಾರತದಲ್ಲಿ ವಿಲೀನವಾಯಿತು. ೧೯೪೯ ರಲ್ಲಿ ಜಾಗೀರುಗಳು ರದ್ದಾದವು. ೧೯೫೦ ರ ಗೇಣಿ ಕಾಯಿದೆ ಸಂರಕ್ಷಿತ ಗೇಣಿದಾರನನ್ನು ಸೃಷ್ಟಿಸಿತು. ೧೯೫೪-೫೫ ರ ಖಾಸ್ರಾ ಪಹಣಿಯು ಯಾವ ಹೊಲ ಯಾರ ಕೈಯಲ್ಲಿದೆಯೆಂಬುದನ್ನು ಬರೆದುಕೊಂಡಿತು. ೧೯೫೬ ರ ನವೆಂಬರ ೧ ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ೧೯೬೪ ರ ಏಪ್ರಿಲ್ ೧ ರಿಂದ ಏಕರೂಪದ ಭೂಕಂದಾಯ ಕಾಯಿದೆ ಜಾರಿಗೆ ಬಂದಿತು. ಹದಿನೈದು ವರ್ಷಗಳಲ್ಲಿ ನಡೆದ ಈ ಬದಲಾವಣೆಗಳೆಲ್ಲ ಅವಶ್ಯವಾಗಿದ್ದವು. ಜಾಗೀರಿನ ರೈತನು ಅನುಭವಿಸಿದ್ದನ್ನು ಬಲ್ಲವರಾರೂ ಅವುಗಳಿಗಾಗಿ ವ್ಯಥೆಪಡುವುದಿಲ್ಲ. ಆದರೆ ಎಲ್ಲೆಯ ದೃಷ್ಟಿಯಿಂದ ಎರಡು ಸಂಗತಿಗಳು ಗಮನಾರ್ಹವಾಗಿವೆ. ಮೊದಲನೆಯದಾಗಿ, ೧೯೬೧ ರ ಕಾಯಿದೆಯಂತೆ ೧೯೬೩ ರಲ್ಲಿ ವಂಶಪಾರಂಪರ್ಯದ ಗ್ರಾಮಾಧಿಕಾರ ರದ್ದಾಗಿ ಕುಲಕರ್ಣಿಯ ಸ್ಥಳದಲ್ಲಿ ವರ್ಗವಾಗಿ ಹೋಗುವ ನೌಕರನು ಬಂದನು. ಕುಲಕರ್ಣಿಯು ಪಕ್ಷಪಾತ ಮಾಡುತ್ತಿದ್ದನೆಂಬುದು ನಿಜ. ಆದರೆ ಯಾವ ಬೇವಿನ ಗಿಡದ ಹೊಲ ಯಾವ ನಂಬರೆಂಬುದನ್ನು ಅವನು ಬಲ್ಲವನಾಗಿದ್ದನೆಂಬುದೂ ನಿಜ. ಎರಡನೆಯದಾಗಿ, ೧೯೭೪ ರ ಮಾರ್ಚಿ ೧ ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯ ಮೇರೆಗೆ ನ್ಯಾಯಮಂಡಳಿಗಳು ಗೇಣಿದಾರರಿಗೆ ಅಧಿಭೋಗದ ಹಕ್ಕನ್ನು ಕೊಟ್ಟವು. ಒಂದು ನಂಬರಿನಲ್ಲಿ ಇಷ್ಟು ಎಕರೆ ಇಷ್ಟು ಗುಂಟೆ ಎಂದು ಆದೇಶವಾಗಿ, ಅದು ಆ ನಂಬರಿನ ಯಾವ ಮೂಲೆಯದೆಂಬುದು ಅಳತೆಯಾಗದೆ ಉಳಿದ ಪ್ರಕರಣಗಳು ಬಹಳ. ಪೋಡಿಯಾಗದ ಆ ಪಾಲುಗಳ ಮಕ್ಕಳು ಮೊಮ್ಮಕ್ಕಳು ಇಂದು ಒಬ್ಬರಿಗೊಬ್ಬರು ಎದುರಾಗಿ ನಿಂತಿದ್ದಾರೆ.

ಗಡಿಗುರುತನ್ನು ಕಿತ್ತವನಿಗೆ ಒಂದು ವರ್ಷದವರೆಗೆ ಸೆರೆಮನೆಯೆಂದು ೧೮೬೦ ರ ದಂಡಸಂಹಿತೆಯಲ್ಲಿ ವಿಧಿಯಿತ್ತು. ಆದರೆ ಎರೆಮಣ್ಣು ನುಂಗಿದ ಕಲ್ಲನ್ನು ಯಾರು ಕಿತ್ತರೆಂದು ಸಾಧಿಸುವುದು ಹೇಗೆ? ದಿವಾಣಿ ನ್ಯಾಯಾಲಯವು ಸ್ಥಳಪರೀಕ್ಷೆಗೆ ಕಮಿಷನರನನ್ನು ಕಳಿಸುತ್ತದೆ; ಅವನು ಮೋಜಣಿದಾರನನ್ನು ಕರೆತರುತ್ತಾನೆ; ಮೋಜಣಿದಾರನು ಟಿಪ್ಪಣವನ್ನು ನೋಡುತ್ತಾನೆ. ಹೀಗೆ ಎಲ್ಲ ದಾರಿಗಳೂ ಕೊನೆಗೆ ಆ ಹಳೆಯ ಟಿಪ್ಪಣದ ಮುಂದೆಯೇ ಹೋಗಿ ನಿಲ್ಲುತ್ತವೆ.

ಕ್ರಿ. ಶ. ೨೦೦೦ ದ ನಂತರ ಭೂಮಿ ಯೋಜನೆಯಲ್ಲಿ ಪಹಣಿಗಳು ಗಣಕಯಂತ್ರಕ್ಕೆ ಸೇರಿದವು. ಪಹಣಿಯು ವಿಸ್ತೀರ್ಣವನ್ನು ಹೇಳುತ್ತದೆ, ಎಲ್ಲೆಯನ್ನು ಹೇಳುವುದಿಲ್ಲ. ಎಲ್ಲೆಗಾಗಿ ಹದ್ದುಬಸ್ತಿನ ಅರ್ಜಿಯನ್ನು ಬೇರೆಯಾಗಿ ಕೊಡಬೇಕು. ಈಗ ಉಪಗ್ರಹದ ನೆರವಿನಿಂದ ಅಳೆಯುವ ಉಪಕರಣಗಳು ಬಂದಿವೆ; ಕೆಲವೇ ಅಂಗುಲಗಳ ವ್ಯತ್ಯಾಸವನ್ನೂ ಅವು ತೋರಿಸಬಲ್ಲವು. ಇದರಿಂದ ವಿವಾದಗಳು ಕಡಿಮೆಯಾಗುವುವೆಂದು ಹಲವರು ನಂಬಿದ್ದಾರೆ. ನಮಗೆ ಅಷ್ಟು ಭರವಸೆಯಿಲ್ಲ. ಆಣೆಯ ಲೆಕ್ಕದಲ್ಲಿ, ಎಂದರೆ ಎರಡು ಅಡಿಯ ಸೂಕ್ಷ್ಮತೆಯಲ್ಲಿ, ಬರೆದ ನಕ್ಷೆಯನ್ನು ಅಂಗುಲದ ಸೂಕ್ಷ್ಮತೆಯಿಂದ ಪರೀಕ್ಷಿಸಿದರೆ ಪ್ರತಿಯೊಂದು ಹೊಲವೂ ತನ್ನ ಕಾಗದಕ್ಕಿಂತ ತುಸು ಹೆಚ್ಚೋ ಕಡಿಮೆಯೋ ಆಗಿ ಕಾಣುವುದು ಖಂಡಿತ. ಮಿತಾಕ್ಷರೆಯು ಹೇಳಿದ ಸಾಧಾರಣ ಭೂಮಿಗೆ, ಇಬ್ಬರಿಗೂ ಸೇರಿದ ಆ ಒಡ್ಡಿನ ಅಗಲಕ್ಕೆ, ಈ ಉಪಕರಣದ ಗೆರೆಯಲ್ಲಿ ಸ್ಥಳವಿಲ್ಲ.

ಜನರಾದರೋ ಎಲ್ಲೆಯನ್ನು ತಮ್ಮ ರೀತಿಯಲ್ಲಿ ನೆನಪಿಡುತ್ತ ಬಂದಿದ್ದಾರೆ. ಎಳ್ಳಮಾವಾಸ್ಯೆಯ ದಿನ ಮೂರೂ ತಾಲ್ಲೂಕುಗಳಲ್ಲಿ ಮನ್ನೆಮನೆಯವರೆಲ್ಲ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಬನ್ನಿಯ ಗಿಡದ ಬುಡದಲ್ಲಿ ಐದು ಕಲ್ಲುಗಳನ್ನು ಪಾಂಡವರೆಂದು ಪೂಜಿಸಿ, ಸಜ್ಜೆಯ ಕಡುಬು, ಭಜ್ಜಿಪಲ್ಯ, ರೊಟ್ಟಿಗಳನ್ನು ನೈವೇದ್ಯ ಮಾಡಿ, ಹೊಲದ ಸುತ್ತ ಚರಗ ಚೆಲ್ಲುತ್ತಾರೆ. ಮುಂದೆ ಒಬ್ಬನು ಚೆಲ್ಲುತ್ತ ಹೋದರೆ ಹಿಂದೆ ನೀರು ಚಿಮುಕಿಸುತ್ತ ಮತ್ತೊಬ್ಬನು; ಅವರ ಹಿಂದೆ ಹುಡುಗರು. ಹೊಲದ ನಾಲ್ಕು ಮೂಲೆಗಳೂ ಹುಡುಗರ ಕಾಲಿಗೆ ಹೀಗೆ ಪರಿಚಿತವಾಗುತ್ತವೆ. ಪೂಜೆಯಾದ ಮೇಲೆ ಪಕ್ಕದ ಹೊಲದವರನ್ನು ಊಟಕ್ಕೆ ಕರೆಯುವುದು ವಾಡಿಕೆ. ಒಡ್ಡಿನ ವ್ಯಾಜ್ಯವಿದ್ದವರು ಮಾತ್ರ ಆ ದಿನ ಪರಸ್ಪರ ಕರೆಯುವುದಿಲ್ಲ. ಯಾವ ಎರಡು ಮನೆಗಳ ನಡುವೆ ವ್ಯಾಜ್ಯ ನಡೆದಿದೆಯೆಂಬುದು ಊರಿಗೆಲ್ಲ ಗೊತ್ತಾಗುವುದು ಅಂದೇ.

ಹಳೆಯ ಸೇತವಾರು, ಟಿಪ್ಪಣಗಳ ವಿಷಯವಾಗಿ ಒಂದು ಮಾತು ಉಳಿದಿದೆ. ೧೮೮೪ ರ ಸುಮಾರಿನಿಂದ ಸಂಸ್ಥಾನದ ಆಡಳಿತಭಾಷೆ ಉರ್ದು. ಅದಕ್ಕೆ ಮೊದಲು ಫಾರಸಿ. ಹಳ್ಳಿಯ ಲೆಕ್ಕಗಳು ಕನ್ನಡದಲ್ಲಿಯೂ ಕೆಲವೆಡೆ ಮೋಡಿಯಲ್ಲಿಯೂ ಇವೆ. ಈ ಲಿಪಿಗಳನ್ನು, ಅದರಲ್ಲಿಯೂ ಶಿಕಸ್ತ ಬರವಣಿಗೆಯ ಉರ್ದುವನ್ನು ಓದಬಲ್ಲವರು ಇಂದು ಬಹು ವಿರಳ. ಕನ್ನಡ ಮಾತನಾಡುವ ಇಬ್ಬರು ದಾಯಾದಿಗಳ ನ್ಯಾಯವು, ಇಬ್ಬರಿಗೂ ಓದಲು ಬಾರದ, ಎಷ್ಟೋ ಸಲ ಇಬ್ಬರ ವಕೀಲರಿಗೂ ಓದಲು ಬಾರದ ಒಂದು ಹಾಳೆಯ ಮೇಲೆ ನಿಂತಿರುತ್ತದೆ. ಉರ್ದು, ಕನ್ನಡ ಎರಡನ್ನೂ ಬಲ್ಲ ಇತಿಹಾಸದ ವಿದ್ಯಾರ್ಥಿಗಳು ನಮ್ಮ ಭಾಗದ ಕಾಲೇಜುಗಳಲ್ಲಿ ಇನ್ನೂ ಇದ್ದಾರೆ. ಅವರಲ್ಲಿ ಇಬ್ಬರು ಮೂವರು ಒಂದು ಗ್ರಾಮವನ್ನು ಆರಿಸಿಕೊಂಡು, ಅದರ ಸೇತವಾರನ್ನು ೧೯೫೪-೫೫ ರ ಖಾಸ್ರಾ ಪಹಣಿಯೊಡನೆಯೂ ಇಂದಿನ ಪಹಣಿಯೊಡನೆಯೂ ನಂಬರು ನಂಬರಾಗಿ ಹೋಲಿಸಿ, ಕಾಗದಗಳು ಇನ್ನೂ ಓದಲು ಬರುವ ಸ್ಥಿತಿಯಲ್ಲಿರುವಾಗಲೇ ಕನ್ನಡಕ್ಕೆ ಎತ್ತಿ ಬರೆದಿಡುವುದು ಒಂದು ವರ್ಷದ ಅವಧಿಯಲ್ಲಿ ಆಗಬಹುದಾದ ಕೆಲಸ.